ನುಚ್ಚಿಯ ಕಿವಿಗೆ ಹಚ್ಚಿದ ಎಣ್ಣೆ

ಹೋದ ತಿಂಗಳು ರಜೆಗೆಂದು ಬಳ್ಳಾರಿಗೆ ಹೋಗಿದ್ದೆ. ಅಮ್ಮನಿಗೆ ಸೀಗೆಕಾಯಿ ತರಲು ಕೌಲ್ ಬಜಾರಿನ ಒಂದು ಗ್ರಂಧಿಗೆ ಅಂಗಡಿಯ ಮುಂದೆ ನಿಂತಿದ್ದೆ. ನನಗಿಂತ ಮೊದಲು ಬಂದಿದ್ದ ಕುರಿಗಾರನೊಬ್ಬನಿಗಾಗಿ ಅಂಗಡಿಯವರು ಹಳದಿ ಗಂಧಕವನ್ನು ಕುಟ್ಟಿ, ಬೇವಿನೆಣ್ಣೆಯ ಡಬ್ಬಿಗೆ ಸುರಿದು, ಕಡ್ಡಿಯಿಂದ ತಿರುವುತ್ತಿದ್ದರು. ಮುಚ್ಚಳ ಹಾಕುವ ಮೊದಲು ಆ ವಾಸನೆ ಒಂದು ಗಳಿಗೆ ಓಣಿಯ ತುಂಬ ನಿಂತಿತು. ಆಟೋದ ಹೊಗೆ, ಎದುರಿನ ಅಂಗಡಿಯ ಹೊಲಿಗೆ ಯಂತ್ರದ ಎಣ್ಣೆ, ಸುಡುವ ಮಣ್ಣು ಎಲ್ಲವನ್ನೂ ಅದು ಬದಿಗೆ ಸರಿಸಿತು. ಸೀಗೆಕಾಯಿಯನ್ನು ತೆಗೆದುಕೊಳ್ಳದೆಯೇ ಹೊರಟುಬಿಟ್ಟೆ. ಮಸೀದಿಯ ತಿರುವಿನವರೆಗೆ ಬಂದ ಮೇಲೆ ನೆನಪಾಗಿ ಮತ್ತೆ ಹಿಂದಕ್ಕೆ ಹೋದೆ.

ನಾನೀಗ ರೋಗನಿದಾನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗಾಗಿ ಓದುತ್ತಿದ್ದೇನೆ. ಸತ್ತ ಪ್ರಾಣಿಗಳ ಅಂಗಾಂಗಗಳನ್ನು ಫಾರ್ಮಲಿನ್ನಿನಿಂದ ಎತ್ತಿ, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಇಡುವುದೇ ನನ್ನ ದಿನದ ಕೆಲಸ. ಆ ವಾಸನೆ ನನ್ನ ದುಪಟ್ಟಾಕ್ಕೆ, ಊಟದ ಡಬ್ಬಿಗೆ, ಬಸ್ಸಿನಲ್ಲಿ ಪಕ್ಕ ಕುಳಿತವರ ಮುಖಕ್ಕೆ ಸಹ ತಟ್ಟುತ್ತದೆ. ಅದು ನನಗೆ ಯಾವ ನೆನಪನ್ನೂ ತರುವುದಿಲ್ಲ. ಗಂಧಕ ಮತ್ತು ಬೇವಿನೆಣ್ಣೆ ಮಾತ್ರ ನನ್ನನ್ನು ಆ ಒಂದು ವರ್ಷಕ್ಕೆ ಎಳೆದೊಯ್ಯುತ್ತವೆ. ಕುರುಗೋಡಿನಲ್ಲಿ ವೈದ್ಯೆಯಾಗಿದ್ದ, ಗುರುವಾರಗಳಂದು ಸಿರುಗುಪ್ಪಕ್ಕೆ ಹೋಗುತ್ತಿದ್ದ, ಒಂದು ಬಿಳಿಯ ಬೆಕ್ಕಿನ ಕಿವಿ ತಿಂಗಳಿಂದ ತಿಂಗಳಿಗೆ ಕರಗುವುದನ್ನು ಕಂಡ ವರ್ಷ ಅದು.

ಪಶುವೈದ್ಯ ಪದವಿ ಮುಗಿದ ಕೂಡಲೇ ಸಿಕ್ಕ ಮೊದಲ ಕೆಲಸ. ಸಿರುಗುಪ್ಪದ ಅಕ್ಕಿ ಗಿರಣಿಗಳ ಮಾಲೀಕರು ಕೆಲವರು ಕೂಡಿ ಧರ್ಮಾರ್ಥವಾಗಿ ಒಂದು ಪಶು ಚಿಕಿತ್ಸಾಲಯ ನಡೆಸುತ್ತಿದ್ದರು. ಕುರುಗೋಡಿನಲ್ಲಿ ಅದರ ಶಾಖೆಯೊಂದಿತ್ತು: ಒಂದು ಕೋಣೆ, ಒಂದು ಬೇವಿನ ಮರ, ಎತ್ತುಗಳನ್ನು ನಿಲ್ಲಿಸುವ ಕಬ್ಬಿಣದ ಕಟಕಟೆ. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಕುರುಗೋಡಿನ ಬಂಡೆಗುಡ್ಡಗಳು ಹಗಲಿಡೀ ಬಿಸಿಲನ್ನು ಕುಡಿದು, ಸಂಜೆ ನಾನು ಬಸ್ಸಿಗೆ ಕಾಯುವ ಹೊತ್ತಿಗೆ ಅದನ್ನೆಲ್ಲ ಮುಖದ ಮೇಲೆ ಉಸಿರಾಗಿ ಬಿಡುತ್ತಿದ್ದವು. ಕಟಕಟೆಯ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಲು ಆಗುತ್ತಿರಲಿಲ್ಲ.

ಗುರುವಾರ ಸಿರುಗುಪ್ಪದ ಮುಖ್ಯ ಚಿಕಿತ್ಸಾಲಯದಲ್ಲಿ ಕೂರಬೇಕಿತ್ತು. ಅಲ್ಲಿನ ಹಿರಿಯ ವೈದ್ಯರು ಶರಣಪ್ಪ ಡಾಕ್ಟ್ರು. ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ ಇಲ್ಲಿಗೆ ಬಂದವರು. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುವನ್ನು ಕಣ್ಣು ಮುಚ್ಚಿಕೊಂಡೇ ಸರಿಪಡಿಸುವ ಕೈ ಅವರದು. ಅವರನ್ನು ಊರು ನಂಬಿತ್ತು. ಆ ನಂಬಿಕೆಗೆ ಕಾರಣವೂ ಇತ್ತು. ನಾಯಿ ಬೆಕ್ಕುಗಳು ಮಾತ್ರ ಅವರ ಕಣ್ಣಿಗೆ ಎರಡನೆಯ ಸಾಲಿನ ಪ್ರಾಣಿಗಳು. "ಅವಕ್ಕ ಏನರ ಒಂದು ಹಚ್ಚಿ ಕಳಸ್ರಿ" ಎನ್ನುವುದು ಅವರ ಮಾತಿನ ರೂಢಿ.

ಹಚ್ಚಲು ಇದ್ದದ್ದು ಒಂದೇ. ಬೇಸಿಗೆಯ ಆರಂಭದಲ್ಲಿ ದೊಡ್ಡ ತಗಡಿನ ಡಬ್ಬಿಯ ತುಂಬ ಬೇವಿನೆಣ್ಣೆಗೆ ಗಂಧಕ ಕಲಸಿ ಇಡುತ್ತಿದ್ದರು. ಎತ್ತಿನ ಕಜ್ಜಿಗೆ, ಕುರಿಯ ಕಜ್ಜಿಗೆ, ನಾಯಿಯ ಉದುರಿದ ಕೂದಲಿಗೆ ಎಲ್ಲಕ್ಕೂ ಅದೇ ಎಣ್ಣೆ. ಅದರೊಂದಿಗೆ ಒಂದು ಸೂಚನೆ. ಚಿಕಿತ್ಸಾಲಯದ ಪಡಸಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಅದನ್ನು ಬರೆಸಿದ್ದರು: "ಚರ್ಮರೋಗ ಬಂದ ಪ್ರಾಣಿಗೆ ಎಣ್ಣೆ ಸವರಿ ಬಿಸಿಲಿನಲ್ಲಿ ಕಟ್ಟಿರಿ." ಎತ್ತಿನ ದಪ್ಪ ಚರ್ಮಕ್ಕೆ ಎಣ್ಣೆ ಇಳಿಯಲೆಂದು ಎಂದೋ ಯಾರೋ ಹೇಳಿದ ಮಾತು. ಅದು ಎತ್ತಿನಿಂದ ಕುರಿಗೆ, ಕುರಿಯಿಂದ ನಾಯಿಗೆ, ನಾಯಿಯಿಂದ ಬೆಕ್ಕಿಗೆ ಬಂದಿತ್ತು. ನಡುವೆ ಎಲ್ಲಿಯೂ ಯಾರೂ ತಡೆದು ಕೇಳಿರಲಿಲ್ಲ.

ಮಾದೇವಮ್ಮನನ್ನು ನಾನು ಮೊದಲು ಕಂಡದ್ದು ಆ ಪಡಸಾಲೆಯಲ್ಲೇ. ಗಿರಣಿಯೊಂದರ ಸಿಮೆಂಟಿನ ಕಣದಲ್ಲಿ ಭತ್ತ ಒಣಹಾಕುವ ಕೆಲಸ ಆಕೆಯದು. ಸುಡುವ ಭತ್ತದ ನಡುವೆ ಬರಿಗಾಲನ್ನು ಎಳೆಯುತ್ತ ನಡೆದು, ಮೇಲಿನ ಕಾಳು ಕೆಳಗಾಗುವಂತೆ, ಕೆಳಗಿನದು ಮೇಲಾಗುವಂತೆ ಮಾಡುವುದು. ಕಾಲಿನ ಬೆರಳುಗಳ ನಡುವೆ ಚರ್ಮ ಸೀಳಿ ಕಪ್ಪುಗಟ್ಟಿತ್ತು. ಸೆರಗಿನೊಳಗೆ ಒಂದು ಬೆಕ್ಕನ್ನು ಮಗುವಿನ ಹಾಗೆ ಸುತ್ತಿಕೊಂಡು ಬಂದಿದ್ದಳು. ಒಂದು ಮಚ್ಚೆಯೂ ಇಲ್ಲದ ಅಚ್ಚ ಬಿಳಿಯ ಬೆಕ್ಕು. ಕಿವಿಗಳು ಮಾತ್ರ ಎಳೆಯ ಕೆಂಪು.

"ಇದರ ಹೆಸರೇನು?" ಎಂದೆ.

"ನುಚ್ಚಿ ರೀ. ನುಚ್ಚಕ್ಕಿ ರಾಶಿಯಾಗ ಸಿಕ್ಕಿದ್ದು. ಇಷ್ಟಽ ಇತ್ತು, ಕಣ್ಣ ಬಿಟ್ಟಿದ್ದಿಲ್ಲ. ಅಕ್ಕಿ ಯಾವುದು ಬೆಕ್ಕ ಯಾವುದು ಅಂತ ತಿಳೀದಂಗ ಇತ್ತು."

"ಇಲಿ ಹಿಡಿಯುತ್ತಾ?"

"ಎಲ್ಲಿ ಹಿಡೀತೈತ್ರಿ! ಮಹಾರಾಣಿ. ಇಲಿ ಬಂದ್ರ ನನ್ನ ಕರೀತೈತಿ." ಹಿಂದೆ ನಿಂತಿದ್ದ ಹೆಂಗಸರು ನಕ್ಕರು. ಮಾದೇವಮ್ಮನೂ ನಕ್ಕಳು. ಆ ವರ್ಷ ಆಕೆ ನಕ್ಕದ್ದನ್ನು ನಾನು ಕಂಡದ್ದು ಹೆಚ್ಚು ಸಲವಲ್ಲ. ಆದ್ದರಿಂದ ಅದು ನೆನಪಿದೆ.

ಎರಡೂ ಕಿವಿಗಳ ಅಂಚು ಕೆಂಪಾಗಿ, ಎಡಗಿವಿಯ ತುದಿಯಲ್ಲಿ ತೆಳುವಾದ ಹಕ್ಕಳೆ ಕಟ್ಟಿತ್ತು. ಬೆಕ್ಕಿನ ಕಜ್ಜಿ ಸಾಮಾನ್ಯವಾಗಿ ಕಿವಿಯ ಅಂಚಿನಿಂದಲೇ ಶುರುವಾಗುತ್ತದೆ. ಶರಣಪ್ಪ ಡಾಕ್ಟ್ರು ಆಗಲೇ ಕಜ್ಜಿಯೆಂದು ತೀರ್ಮಾನಿಸಿ ಎಣ್ಣೆ ಕೊಟ್ಟಿದ್ದರು. ನನಗೆ ಒಂದು ಸಂಗತಿ ಹೊಂದಲಿಲ್ಲ.

"ಕಿವಿ ಕೆರೆದುಕೊಳ್ಳುತ್ತಾ?"

"ಇಲ್ರಿ ಡಾಕ್ಟ್ರಮ್ಮ. ಸುಮ್ಮಕ ಇರತೈತಿ."

ಕಜ್ಜಿಯಾದ ಬೆಕ್ಕು ಸುಮ್ಮನಿರುವುದಿಲ್ಲ. ನಾನು ಹಕ್ಕಳೆಯನ್ನು ಕೆರೆದು ಗಾಜಿನ ಪಟ್ಟಿಗೆ ತೆಗೆದುಕೊಂಡೆ. ಬೀರುವಿನಲ್ಲಿದ್ದ ಸೂಕ್ಷ್ಮದರ್ಶಕದ ಧೂಳು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಜ್ಜಿಯ ಹುಳ ಕಾಣಲಿಲ್ಲ. ಹೇಳಿದಾಗ ಶರಣಪ್ಪ ಡಾಕ್ಟ್ರು ಎಮ್ಮೆಯ ಕೆಚ್ಚಲಿನಿಂದ ತಲೆ ಎತ್ತದೆಯೇ ಅಂದರು: "ಕಾಣಲಿಲ್ಲ ಅಂದ್ರ ಇಲ್ಲ ಅಂತ ಅಲ್ಲವ್ವ. ಅದು ಒಳಗ ಕುಂತಿರತೈತಿ. ಎಣ್ಣಿ ಮುಂದುವರಸ್ಲಿ."

ಆ ಮಾತು ತಪ್ಪಲ್ಲ. ಪುಸ್ತಕವೂ ಹಾಗೆಯೇ ಹೇಳುತ್ತದೆ. ಅವರು ಅಜ್ಞಾನಿಯಾಗಿದ್ದರೆ ನನ್ನ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ. ಅರ್ಧ ಸರಿಯಾದ ಮಾತಿನ ಹಿಂದೆ ಉಳಿದರ್ಧವನ್ನು ಹುಡುಕದೆ ಕುಳಿತದ್ದು ಅವರ ತಪ್ಪು. ಕಜ್ಜಿಯಲ್ಲದಿದ್ದರೆ ಮತ್ತೇನು ಎಂದು ಕೇಳಿಕೊಳ್ಳಲು ಬೇಕಾದ ಪಾಠ ಅವರಿಗೆ ಸಿಕ್ಕಿರಲಿಲ್ಲ. ನನಗೂ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ. ಐದು ವರ್ಷಗಳ ಪದವಿಯಲ್ಲಿ ಬೆಕ್ಕಿನ ಗಡ್ಡೆಗಳನ್ನು ಒಂದು ಮಧ್ಯಾಹ್ನ ಮುಗಿಸಿದ್ದರು.

ಆ ಬೇಸಿಗೆ, ಆಮೇಲೆ ಬಂದ ಅರೆಬರೆ ಮಳೆಗಾಲ, ಎಲ್ಲ ಗುರುವಾರಗಳೂ ಒಂದೇ ತೆರನಾಗಿದ್ದವು. ಬಸ್ಸಿನಿಂದ ಇಳಿದರೆ ಗಿರಣಿಗಳ ತೌಡಿನ ಧೂಳು ಗಂಟಲಿಗೆ ಬರುತ್ತಿತ್ತು. ಮಾದೇವಮ್ಮ ತನ್ನ ಊಟದ ಬಿಡುವಿನಲ್ಲಿ ಬೆಕ್ಕನ್ನು ತಂದು ತೋರಿಸುತ್ತಿದ್ದಳು. ಶ್ರಾವಣದ ಹೊತ್ತಿಗೆ ಎಡಗಿವಿಯ ತುದಿ ಇಲಿ ಕಚ್ಚಿದ ರೊಟ್ಟಿಯಂತಾಗಿತ್ತು. ಹಕ್ಕಳೆ ಉದುರಿದರೆ ಕೆಳಗೆ ಹಸಿ ಹುಣ್ಣು. ನಾನು ಎಣ್ಣೆ ನಿಲ್ಲಿಸಿ ನೋಡೋಣವೆಂದೆ. ಶರಣಪ್ಪ ಡಾಕ್ಟ್ರು ಬೇರೊಂದು ಮುಲಾಮು ಸೇರಿಸಿ, ಎಣ್ಣೆಯನ್ನೂ ಉಳಿಸಿದರು. ಹೋಗುವಾಗ ಗೋಡೆಯ ಕಡೆ ಕೈ ತೋರಿಸಿ, "ಬಿಸಿಲಿಗೆ ಬಿಡೋದ ತಪ್ಪಿಸಬ್ಯಾಡ" ಎಂದು ನೆನಪಿಸಿದರು. ಮಾದೇವಮ್ಮ ತಲೆಯಾಡಿಸಿದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಗೋಡೆಯ ಅಕ್ಷರಗಳನ್ನು ದೇವರ ಪಟ ನೋಡುವ ಹಾಗೆ ನೋಡುತ್ತಿದ್ದಳು.

ದಸರೆ ಕಳೆದ ಮೇಲೆ ಬಳ್ಳಾರಿಯಲ್ಲಿ ತರಬೇತಿಯೆಂದು ಕರೆ ಬಂತು. ಪಶುವೈದ್ಯರ ನಿರಂತರ ಶಿಕ್ಷಣ. ವಿಷಯ ನಾಯಿ ಮತ್ತು ಬೆಕ್ಕುಗಳ ಕ್ಯಾನ್ಸರ್. ಜಿಲ್ಲೆಯ ವೈದ್ಯರ ಒಂದು ಬಳಗ ಏರ್ಪಡಿಸಿದ್ದು. ಬಳಗದ ಹಿರಿಯರಲ್ಲಿ ಶರಣಪ್ಪ ಡಾಕ್ಟ್ರೂ ಒಬ್ಬರು. ನಾನು ಹಬ್ಬಕ್ಕೆ ಹೋಗುವವಳಂತೆ ಹೋದೆ. ಕಿಟಕಿಯಿಂದ ಕೋಟೆಗುಡ್ಡ ಕಾಣುವ ಒಂದು ಸಭಾಂಗಣ. ಬಾಗಿಲಲ್ಲಿ ಉಗ್ಗಾಣಿ, ಮಿರ್ಚಿ, ಕಾಫಿ. ನಾಯಿಯ ಆಹಾರ ಮಾರುವ ಕಂಪನಿಯವರು ಎಲ್ಲರಿಗೂ ಒಂದೊಂದು ಚೀಲ ಹಂಚುತ್ತಿದ್ದರು. ವೈದ್ಯರು ವರ್ಷಕ್ಕೊಮ್ಮೆ ಸೇರಿದ ಖುಷಿಯಲ್ಲಿ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು.

"ಏನ್ ಶರಣಪ್ಪ, ನಿಮ್ಮ ಸಿರುಗುಪ್ಪದಾಗ ಬೆಕ್ಕಿಗೆ ಕೀಮೋ ಶುರು ಮಾಡ್ತೀಯೇನು?"

"ನಾ ಬೆಕ್ಕಿಗೆ ಕೀಮೋ ಅಂತ ಬಾಯಿ ತೆಗದ್ರ, ಗಿರಣಿ ಸಾವ್ಕಾರ್ರು ನನ್ನಽ ಹುಚ್ಚಾಸ್ಪತ್ರಿಗೆ ಕಳಸ್ತಾರ ಲೇ!"

ನಾನೂ ನಕ್ಕಿರಬೇಕು.

ಉಪನ್ಯಾಸಕ್ಕೆ ದೂರದಿಂದ ಒಬ್ಬ ಅಧ್ಯಾಪಕಿ ಬಂದಿದ್ದರು. ಸರಳ ಹತ್ತಿಸೀರೆ, ಕೈಯಲ್ಲಿ ಲ್ಯಾಪ್‌ಟಾಪು, ಸಮಯಕ್ಕೆ ಮೊದಲೇ ಬಂದು ಮೂಲೆಯ ಕುರ್ಚಿಯಲ್ಲಿ ಕಾಯುತ್ತ ಕುಳಿತಿದ್ದರು. ಮುಖ್ಯ ಅತಿಥಿ ಬರುವವರೆಗೆ ಅವರು ಕಾದರು. ಬಂದ ಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಹಾರ ಹಾಕಿದವರಿಗೆ ಹಾರ, ಭಾಷಣ. ಭಾಷಣದಲ್ಲಿ ಕ್ಯಾನ್ಸರ್ ಎಂಬ ಮಾತು ಒಮ್ಮೆ ಬಂದಿತು. ಅವರ ಸರದಿ ಬರುವ ಹೊತ್ತಿಗೆ ಬೆಳಗಿನ ಹೊತ್ತು ಮುಗಿದೇ ಹೋಗಿತ್ತು. ಅವರು ದೂರಲಿಲ್ಲ. ನಾಯಿಯ ಕೆಚ್ಚಲಿನ ಗಡ್ಡೆಗಳನ್ನು ಹಾಲುಗಂಟೆಂದು ಬಿಸಿ ಕಾಸುತ್ತ ಕೂರಬೇಡಿ ಎಂದರು. ಬೀದಿನಾಯಿಗಳ ಜನನಾಂಗದಿಂದ ರಕ್ತ ಸೋರಿದರೆ ಗಾಯವೆಂದುಕೊಳ್ಳಬೇಡಿ, ಅದು ನಾಯಿಯಿಂದ ನಾಯಿಗೆ ಹರಡುವ ಗಡ್ಡೆಯಾಗಿರಬಹುದು, ಔಷಧಿಗೆ ಚೆನ್ನಾಗಿ ಬಗ್ಗುತ್ತದೆ ಎಂದರು. ತೆಗೆದ ಗಡ್ಡೆಯನ್ನು ಹಿತ್ತಲಿನ ಗುಂಡಿಗೆ ಎಸೆಯಬೇಡಿ, ಒಂದು ತುಂಡಾದರೂ ಪ್ರಯೋಗಾಲಯಕ್ಕೆ ಕಳಿಸಿ ಎಂದರು. ಪ್ರತಿ ಮಾತೂ ನಮ್ಮ ಚಿಕಿತ್ಸಾಲಯವನ್ನು ಕಣ್ಣಾರೆ ಕಂಡು ಹೇಳುತ್ತಿರುವಂತಿತ್ತು.

ಚರ್ಮದ ಗಡ್ಡೆಗಳ ಭಾಗ ಶುರುವಾಗುವಾಗ ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಸರಿದಾಡತೊಡಗಿದವು. ಊಟದ ವಾಸನೆ ಬಂದಿತ್ತು. ಸಂಘಟಕರೊಬ್ಬರು ವೇದಿಕೆಯ ಬದಿಯಿಂದ ಗಡಿಯಾರ ತೋರಿಸಿದರು. ಅಧ್ಯಾಪಕಿ ಚಿತ್ರಗಳನ್ನು ಸರಸರನೆ ಸರಿಸತೊಡಗಿದರು. ಆ ಓಟದಲ್ಲಿ ಒಂದು ಚಿತ್ರ ಪರದೆಯ ಮೇಲೆ ಬಂದು ಹೋಯಿತು: ಅಚ್ಚ ಬಿಳಿಯ ಬೆಕ್ಕು, ಅಂಚು ಕರಗಿದ ಕಿವಿ, ತುದಿಯಲ್ಲಿ ಕಪ್ಪು ಹಕ್ಕಳೆ.

ನುಚ್ಚಿ.

ನಾನು ಎದ್ದು ನಿಂತೆ. "ಮೇಡಂ, ಹಿಂದಿನ ಚಿತ್ರ ಒಮ್ಮೆ..."

"ಪ್ರಶ್ನೆಗಳು ಊಟದ ಮೇಲೆ" ಎಂದು ಸಂಘಟಕರು ಧ್ವನಿವರ್ಧಕದಲ್ಲಿ ಹೇಳಿದರು. "ಹೋಳಿಗಿ ಆರ್ತಾವ್ರಿ ಡಾಕ್ಟ್ರಮ್ಮ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಗುತ್ತ ಎದ್ದಿತು.

ಊಟದ ಮೇಲೆ ಪ್ರಶ್ನೆಗಳು ಇರಲಿಲ್ಲ. ಪ್ರಮಾಣಪತ್ರಗಳನ್ನು ಕೊಟ್ಟರು, ಸಭೆ ಚದುರಿತು. ರೈಲಿಗೆ ಹೊರಟಿದ್ದ ಅಧ್ಯಾಪಕಿಯನ್ನು ಮೆಟ್ಟಿಲ ಬಳಿ ಹಿಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವರು ಚೀಲವನ್ನು ಕೆಳಗಿಟ್ಟರು.

"ಬೆಕ್ಕು ಪೂರ್ತಿ ಬಿಳಿಯದಾ?"

"ಹೌದು ಮೇಡಂ."

"ಬಿಸಿಲಲ್ಲಿ ಇರುತ್ತಾ?"

"ಗಿರಣಿಯ ಕಣದಲ್ಲೇ ಬೆಳೆದದ್ದು."

"ಹಾಗಾದರೆ ಕಾಯಬೇಡಿ. ಬಿಳಿ ಬೆಕ್ಕಿನ ಕಿವಿಯ ಚರ್ಮಕ್ಕೆ ಬಿಸಿಲನ್ನು ತಡೆಯುವ ಬಣ್ಣವೇ ಇರುವುದಿಲ್ಲ. ವರ್ಷಗಟ್ಟಲೆ ಸುಟ್ಟು ಸುಟ್ಟು ಕೊನೆಗೆ ಕ್ಯಾನ್ಸರ್ ಆಗುತ್ತದೆ. ಮೊದಲಿಗೇ ಕಿವಿ ಕತ್ತರಿಸಿ ತೆಗೆದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದಮ್ಮ. ಕಿವಿಯಿಲ್ಲದ ಬೆಕ್ಕು ಆರಾಮಾಗಿ ಬದುಕುತ್ತೆ. ಈಗ ಏನು ಚಿಕಿತ್ಸೆ ನಡೀತಿದೆ?"

ಹೇಳಿದೆ. ಗಂಧಕದ ಎಣ್ಣೆ, ಹಚ್ಚಿದ ಮೇಲೆ ದಿನಾ ಬಿಸಿಲು.

"ಬಿಸಿಲಿಗಾ?" ಎಂದರು. ಅಷ್ಟೇ. ಬಾಗಿಲ ಆಚೆ ಕೋಟೆಗುಡ್ಡದ ಮೇಲೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಅವರು ಅದನ್ನು ನೋಡಿದರು, ನಾನೂ ನೋಡಿದೆ.

ಎಲ್ಲರದೂ ಮುಗಿದ ಮೇಲೆ ತಟ್ಟೆ ಹಿಡಿದ ಶರಣಪ್ಪ ಡಾಕ್ಟ್ರು ಊಟದ ಕೋಣೆಯಲ್ಲಿ ಅಡುಗೆಯವರ ಜೊತೆ ಮಾತಾಡುತ್ತಿದ್ದರು. ಅಲ್ಲೇ ಹೇಳಿದೆ. ಮೊದಲು ನಂಬಲಿಲ್ಲ. "ಬೆಕ್ಕಿನ ಕಿವಿಗೆ ಕ್ಯಾನ್ಸರ್ ಬರತೈತಿ ಅಂತ ನನಗ ಇಷ್ಟ ವರ್ಷ ಯಾರ ಹೇಳಿದ್ರು?" ಎಂದು ಕೇಳಿದರು.

"ಈಗ ತಾನೇ ಹೇಳ್ತಿದ್ರು ಸಾರ್. ನಾವು ಊಟಕ್ಕೆ ಎದ್ದೆವು."

ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದರು. ನಾನು ಗುರುವಾರದವರೆಗೆ ಕಾಯಲಿಲ್ಲ. ಮರುದಿನವೇ ಸಿರುಗುಪ್ಪಕ್ಕೆ ಹೋದೆ.

ನುಚ್ಚಿಯ ಎಡಗಿವಿಯಲ್ಲಿ ಬುಡದ ಸ್ವಲ್ಪ ಭಾಗ ಮಾತ್ರ ಉಳಿದಿತ್ತು. ಬಲಗಿವಿಯಲ್ಲೂ ಹುಣ್ಣು ಬಾಯಿ ತೆರೆದಿತ್ತು. ಕೈಯಿಂದ ಸವರುತ್ತ ದವಡೆಯ ಕೆಳಗೆ ಹೋದಾಗ ಬೆರಳಿಗೆ ಕಡಲೆಗಾತ್ರದ ಒಂದು ಗಟ್ಟಿ ಗಂಟು ಸಿಕ್ಕಿತು. ರೋಗ ಕಿವಿಯನ್ನು ದಾಟಿತ್ತು.

ಆದರೂ ಶಸ್ತ್ರಚಿಕಿತ್ಸೆ ಮಾಡಿ ಎರಡೂ ಕಿವಿಗಳನ್ನು ತೆಗೆದೆವು. ಶರಣಪ್ಪ ಡಾಕ್ಟ್ರು ತಾವೇ ಕತ್ತಿ ಹಿಡಿದರು. ಎಮ್ಮೆಯ ಹೊಟ್ಟೆಯಲ್ಲಿ ಕೆಲಸ ಮಾಡಿದ ಆ ದಪ್ಪ ಬೆರಳುಗಳು ಅಷ್ಟು ಸಣ್ಣ ಕಿವಿಯ ಸುತ್ತ ಎಷ್ಟು ನಾಜೂಕಾಗಿ ನಡೆದವೆಂದರೆ, ನನ್ನ ಸಿಟ್ಟಿಗೆ ಒಂದು ಕ್ಷಣ ನಿಲ್ಲಲು ಜಾಗವಿಲ್ಲದಂತಾಯಿತು. ಹೊಲಿಗೆ ಮುಗಿಸಿ ಕೈ ತೊಳೆಯುವಾಗ ಅವರು ನಲ್ಲಿಯ ಕಡೆ ಮುಖ ಮಾಡಿಯೇ ಅಂದರು: "ನಮ್ಮ ಗುರುಗಳೂ ಬಿಸಿಲಿಗೆ ಕಟ್ಟು ಅಂತಿದ್ರವ್ವ. ನಾನೂ ಅಂದೆ." ಕತ್ತರಿಸಿದ ಕಿವಿಯ ತುಂಡು ಮತ್ತು ಗಂಟಿನಿಂದ ಸೂಜಿಯಲ್ಲಿ ತೆಗೆದ ದ್ರವವನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಆ ಚಿಕಿತ್ಸಾಲಯದಿಂದ ಹೊರಗೆ ಪರೀಕ್ಷೆಗೆ ಹೋದ ಮೊದಲ ಮಾಂಸದ ತುಂಡು ಅದು. ಉತ್ತರ ಬಂತು; ಅಧ್ಯಾಪಕಿ ಹೇಳಿದ್ದೇ ಆಗಿತ್ತು, ಎರಡರಲ್ಲೂ.

ಕಿವಿಗಳಿಲ್ಲದ ನುಚ್ಚಿ ಕಣಕ್ಕೆ ಮರಳಿದಾಗ ಕೆಲಸದ ಹೆಂಗಸರು ಮಾದೇವಮ್ಮನನ್ನು ಕಾಡಿದರಂತೆ. "ಮಾದೇವಿ, ಬೆಕ್ಕ ಅಲ್ಲಲೇ ಅದು, ಬಿಳಿ ಹಾವು!" ಆಕೆ ಅವರಿಗೆ, "ಹಾವಿಗೆ ಇಲಿ ಹಿಡ್ಯಾಕ ಬರತೈತಿ, ಇದಕ್ಕ ಅದೂ ಇಲ್ಲ" ಎಂದಳಂತೆ. ನನಗೆ ಅದನ್ನು ಹೇಳುವಾಗ ಹೊಲಿಗೆಯ ಗುರುತಿನ ಮೇಲೆ ಬೆರಳು ಆಡಿಸುತ್ತಿದ್ದಳು. ಸ್ವಲ್ಪ ದಿನ ಬೆಕ್ಕು ಚೆನ್ನಾಗಿಯೇ ಇತ್ತು. ಆಕೆಗೆ ಗುಣವಾಯಿತೆಂಬ ಭಾವನೆ ಬಂದಿತ್ತು. ದವಡೆಯ ಕೆಳಗಿನ ಗಂಟು ಮಾತ್ರ ಕಡಲೆಯಿಂದ ಹುಣಸೆಬೀಜವಾಗಿ, ಹುಣಸೆಬೀಜದಿಂದ ನಿಂಬೆಯಾಗಿ ಬೆಳೆಯುತ್ತಿತ್ತು.

ಇನ್ನು ಹೇಳಲೇಬೇಕಿತ್ತು. ಹೇಳುವುದೆಂದರೆ ಬೆಕ್ಕು ಉಳಿಯುವುದಿಲ್ಲ ಎಂಬಷ್ಟನ್ನೇ ಹೇಳುವುದಲ್ಲ. ಏಕೆ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಶರಣಪ್ಪ ಡಾಕ್ಟ್ರು ಬೇಡವೆಂದರು. ಅವರ ಧ್ವನಿಯಲ್ಲಿ ಮುಚ್ಚಿಡುವ ಚಾತುರ್ಯ ಇರಲಿಲ್ಲ, ದಣಿವಿತ್ತು. "ಹೇಳಿ ಏನ್ ಮಾಡ್ತೀಯವ್ವ? ಆಕಿ ಏನ್ ಕೋರ್ಟಿಗೆ ಹೋಗ್ತಾಳೇನು? ಸುಮ್ನ ಸಂಕಟ ಪಡ್ತಾಳ."

"ಸಂಕಟ ಆಕೆಯದೊಂದೇ ಯಾಕಾಗಬೇಕು ಸಾರ್?" ಎಂದೆ.

ಪುಷ್ಯ ಮಾಸ. ಹೊಸ ಭತ್ತ ಬಂದು ಗಿರಣಿಗಳು ಹಗಲು ರಾತ್ರಿ ನಡೆಯುತ್ತಿದ್ದವು. ಮಾದೇವಮ್ಮ ಕಣದಲ್ಲಿ ಕಾಲೆಳೆಯುತ್ತ ನಡೆಯುತ್ತಿದ್ದಳು. ಆಕೆಯ ಹಿಂದೆ ಭತ್ತದಲ್ಲಿ ಉದ್ದನೆಯ ಗೆರೆಗಳು ಮೂಡುತ್ತಿದ್ದವು. ಬೆಕ್ಕು ಗೋಣಿಚೀಲಗಳ ನೆರಳಲ್ಲಿ ಮಲಗಿತ್ತು; ಹಾಲು ಕುಡಿಯುವುದನ್ನು ನಿಲ್ಲಿಸಿತ್ತು. ಆಕೆಯನ್ನು ನೆರಳಿಗೆ ಕರೆದು ಕೂರಿಸಿ ಎಲ್ಲವನ್ನೂ ಹೇಳಿದೆ. ಇದು ಕಜ್ಜಿಯಲ್ಲ, ಕ್ಯಾನ್ಸರ್. ಬಿಳಿಯ ಬೆಕ್ಕಿಗೆ ವರ್ಷಗಳ ಬಿಸಿಲಿನಿಂದ ಬರುತ್ತದೆ. ಎಣ್ಣೆ ಹಚ್ಚಿ ಬಿಸಿಲಿಗೆ ಬಿಡಿ ಎಂದು ನಾವು ಹೇಳಿದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕಿವಿಯನ್ನು ಬೇಗ ಕತ್ತರಿಸಿದ್ದರೆ ಬೆಕ್ಕು ಉಳಿಯಬಹುದಾಗಿದ್ದ ತಿಂಗಳುಗಳನ್ನು ನಾವು ಎಣ್ಣೆಯಲ್ಲಿ ಕಳೆದದ್ದು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ.

ಆಕೆ ಕಾಲಬೆರಳುಗಳ ನಡುವೆ ಸಿಕ್ಕಿದ್ದ ಭತ್ತದ ಕಾಳುಗಳನ್ನು ಒಂದೊಂದಾಗಿ ತೆಗೆದು ರಾಶಿಯ ಕಡೆ ಹಾಕಿದಳು.

"ಅದು ನೆರಳಿಗೆ ಓಡ್ತಿತ್ರಿ" ಎಂದಳು. "ಎಣ್ಣಿ ಹಚ್ಚಿದ ಕೂಡ್ಲೇ ಚೀಲದ ಸಂದಿಗೆ ಓಡ್ತಿತ್ತು. ನಾನಽ ಹಿಡ್ಕೊಂಡು ಬಂದು ಬಿಸಿಲಾಗ ಕುಂದರ್ತಿದ್ದೆ. ಊಟದ ಹೊತ್ತನ್ಯಾಗ. ತೊಡಿ ಮ್ಯಾಲ ಹಿಂಗ ಒತ್ತಿ ಹಿಡ್ಕೊಂಡು. ಪರಚ್ತಿತ್ತು. ನಾ ಬೈತಿದ್ದೆ, ಡಾಕ್ಟ್ರು ಹೇಳ್ಯಾರ ಸುಮ್ಮಕಿರು ಅಂತ."

ಆಮೇಲೆ, "ನೀವು ಓದೀರಿ ಅಂತ ಬಂದೆನವ್ವ" ಎಂದಳು. ಬೈಯುವ ಧ್ವನಿ ಅದಾಗಿರಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ದಿನ ಬಿಟ್ಟು ಆಕೆಯೇ ಬೆಕ್ಕನ್ನು ತಂದಳು. ನೋವಿಲ್ಲದೆ ಕೊನೆಯ ನಿದ್ದೆಗೆ ಮಲಗಿಸಲು ಒಪ್ಪಿದ್ದಳು. ಸೂಜಿ ಚುಚ್ಚುವ ಮೊದಲು ನುಚ್ಚಿಯನ್ನು ಎತ್ತಿಕೊಂಡು ಪಡಸಾಲೆಯ ಒಳಮೂಲೆಗೆ, ಗೋಡೆಯ ನೆರಳು ಅತಿ ದಟ್ಟವಾಗಿದ್ದಲ್ಲಿಗೆ ಹೋಗಿ ಕುಳಿತಳು. "ಇಲ್ಲೇ ಮಾಡ್ರಿ" ಎಂದಳು. ಅಲ್ಲೇ ಮಾಡಿದೆ.

ಆ ವಾರವೇ ಆಡಳಿತ ನಡೆಸುತ್ತಿದ್ದ ಗಿರಣಿ ಮಾಲೀಕರ ಮುಂದೆ ಹೋಗಿ ಕೇಳಿದೆ. ಗೋಡೆಯ ಬರಹವನ್ನು ಅಳಿಸಿ. ಗಡ್ಡೆಯೆಂದು ಕಂಡದ್ದನ್ನೆಲ್ಲ ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಮಾಡಿ. ವೈದ್ಯರ ಬಳಗದವರಿಗೂ ಹೇಳಿದೆ: ಮುಂದಿನ ತರಬೇತಿಯಲ್ಲಿ ಉದ್ಘಾಟನೆಯನ್ನು ಬಿಡಿ, ನುಚ್ಚಿಯ ವಿಷಯವನ್ನು ಇಡಿ. ಚಿತ್ರಗಳು ನನ್ನಲ್ಲಿವೆ. ನಾವೇನು ಹೇಳಿದೆವು, ಏನಾಯಿತು ಎಂಬುದನ್ನು ನಾವೇ ವೇದಿಕೆಯ ಮೇಲೆ ನಿಂತು ಹೇಳೋಣ. ತಪ್ಪುಗಳನ್ನು ಮುಚ್ಚಿಟ್ಟ ಸಭೆಗೆ ಶಿಕ್ಷಣವೆಂಬ ಹೆಸರು ಯಾಕೆ?

ಯಾರೂ ಇಲ್ಲ ಎನ್ನಲಿಲ್ಲ. ನಮ್ಮ ಕಡೆ ಇಲ್ಲ ಎನ್ನುವುದು ಅಪರೂಪ. ಮಾಲೀಕರೊಬ್ಬರು ಚಹಾ ತರಿಸಿ, "ಬೆಕ್ಕಿಗೆ ಇಷ್ಟು ಮನಸಿಗೆ ಹಚ್ಕೋಬ್ಯಾಡವ್ವ, ಇನ್ನೂ ಸಣ್ಣಾಕಿ ಅದೀ" ಎಂದರು. ಬಳಗದವರು ನೋಡೋಣ ಎಂದರು. ಮುಂದಿನ ತರಬೇತಿಯ ವಿಷಯ ಹಸುವಿನ ಆಹಾರವಾಯಿತು. ಶರಣಪ್ಪ ಡಾಕ್ಟ್ರು ಬೆಕ್ಕುಗಳಿಗೆ ಎಣ್ಣೆ ಕೊಡುವುದನ್ನು ನಿಲ್ಲಿಸಿದರು, ನನಗೆ ಗೊತ್ತು. ಆದರೆ ಏಕೆ ನಿಲ್ಲಿಸಿದರೆಂದು ಯಾರಿಗೂ ಹೇಳಲಿಲ್ಲ. ಒಬ್ಬರು ಗುಟ್ಟಾಗಿ ಕಲಿತದ್ದು ಅವರೊಂದಿಗೇ ಮನೆಗೆ ಹೋಗುತ್ತದೆ. ಕಂಪ್ಲಿಯಲ್ಲೋ ಸಂಡೂರಿನಲ್ಲೋ ಇನ್ನೊಬ್ಬ ವೈದ್ಯ ಇನ್ನೊಂದು ಬಿಳಿಯ ಬೆಕ್ಕಿಗೆ ಅದೇ ಎಣ್ಣೆಯನ್ನು ಕೊಡುತ್ತಿರುತ್ತಾನೆ. ಇದನ್ನು ಅವರಿಗೆ ಹೇಳಿದೆ. "ನಿನ್ನ ವಯಸ್ಸಿನಾಗ ನಾನೂ ಹಿಂಗಽ ಇದ್ದೆ" ಎಂದರು. ಆ ಮಾತಿಗೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ. ಯುಗಾದಿಗೆ ಮೊದಲು ಕೆಲಸ ಬಿಟ್ಟೆ.

ಕೌಲ್ ಬಜಾರಿನಲ್ಲಿ ಆ ವಾಸನೆ ಬಡಿದ ಮರುದಿನ ಸಿರುಗುಪ್ಪದ ಬಸ್ಸು ಹತ್ತಿದೆ. ಕುರುಗೋಡಿನ ಬಂಡೆಗಳು ಅದೇ ಬಿಸಿಯನ್ನು ಕಿಟಕಿಯೊಳಗೆ ಊದಿದವು. ಶರಣಪ್ಪ ಡಾಕ್ಟ್ರು ಈಗ ಅಲ್ಲಿಲ್ಲ. ಹೊಸಬರು ಯಾರೋ ಬಂದಿದ್ದಾರೆ, ಆ ದಿನ ಹಳ್ಳಿಗೆ ಹೋಗಿದ್ದರು. ಚಿಕಿತ್ಸಾಲಯಕ್ಕೆ ಸುಣ್ಣ ಬಳಿಸಿದ್ದರು. ಪಡಸಾಲೆಯ ಗೋಡೆಯ ಮೇಲಿನ ಬರಹವನ್ನೂ ಹೊಸದಾಗಿ ಬರೆಸಿದ್ದರು. ಮೊದಲಿನದೇ ಮಾತು, ಮೊದಲಿಗಿಂತ ದೊಡ್ಡ ಅಕ್ಷರ. ಕಸ ಗುಡಿಸುತ್ತಿದ್ದಾಕೆಯನ್ನು ಕೇಳಿದೆ. "ಬಿಸಿಲಿಗೆ ಬಣ್ಣ ಹೋಗಿತ್ರಿ, ಅದಕ್ಕ ಮತ್ತ ಬರಸ್ಯಾರ" ಎಂದಳು.

ಅಲ್ಲಿಂದ ಗಿರಣಿಗೆ ನಡೆದೆ. ಮಾದೇವಮ್ಮ ಕಣದಲ್ಲಿದ್ದಳು. ತಲೆಗೂದಲು ನುಚ್ಚಿನ ಬಣ್ಣಕ್ಕೆ ತಿರುಗಿತ್ತು, ನಡಿಗೆ ಅದೇ. ಗಿರಣಿಗೆ ಈಗ ಬೇರೆ ಬೆಕ್ಕುಗಳು ಬಂದಿದ್ದವು, ಯಾರವೂ ಅಲ್ಲದವು. ಕಣದ ಸುತ್ತಿನ ಗೋಡೆಯ ಮೇಲೆ ಒಂದು ಕರಿಯ ಬೆಕ್ಕು ಕಾಲು ಚಾಚಿ ಬಿಸಿಲು ಕಾಯಿಸುತ್ತ ಮಲಗಿತ್ತು. ಮಾದೇವಮ್ಮ ಅದನ್ನು ನೋಡಿದ್ದೇ ತಡ, ಬಗ್ಗಿ ಒಂದು ಮುಷ್ಟಿ ಭತ್ತ ಎತ್ತಿ ಬೀಸಿ ಒಗೆದಳು.

"ನೆರಳಿಗೆ ನಡೀ ಲೇ! ನೆರಳಿಗೆ ನಡೀ!"

"ಮಾದೇವಿ, ಭತ್ತ ಚೆಲ್ಲಬ್ಯಾಡ ಅಂತ ಎಷ್ಟ ಸಲ ಹೇಳ್ಬೇಕು!" ಎಂದು ಆಚೆಯಿಂದ ಮೇಸ್ತ್ರಿ ಕೂಗಿದ. ಆಕೆ ತಿರುಗಿಯೂ ನೋಡಲಿಲ್ಲ. ಬೆಕ್ಕು ಮೈಮೇಲೆ ಬಿದ್ದ ಕಾಳುಗಳನ್ನು ಕೊಡವಿಕೊಂಡು, ಸ್ವಲ್ಪ ಆಚೆ ಸರಿದು, ಮತ್ತೆ ಬಿಸಿಲಲ್ಲೇ ಮಲಗಿತು.

ನಾನು ಹತ್ತಿರ ಹೋಗಿ ನಿಂತೆ. ಗುರುತು ಹಿಡಿದಳು, ಗುರುತು ಹಿಡಿದದ್ದನ್ನು ಕಣ್ಣಿನಲ್ಲಷ್ಟೇ ತೋರಿಸಿದಳು. ಏನು ಮಾತಾಡಬೇಕೆಂದು ತಿಳಿಯದೆ, ನನಗೆ ಗೊತ್ತಿದ್ದದ್ದನ್ನು ಹೇಳಿದೆ.

"ಅದು ಕರಿ ಬೆಕ್ಕು, ಮಾದೇವಮ್ಮ. ಬಿಸಿಲಿನಿಂದ ಅದಕ್ಕೆ ಅಷ್ಟು ಅಪಾಯ ಇಲ್ಲ."

"ಹಂಗಂತ ಯಾರ ಹೇಳಿದ್ರವ್ವ?" ಎಂದು ಕೇಳಿ, ಬಗ್ಗಿ ಇನ್ನೊಂದು ಮುಷ್ಟಿ ಎತ್ತಿಕೊಂಡಳು.